ಬಿಸಿಗಾಳಿ ಸೋರುವುದೆಲ್ಲಿ?

ಹಳೆಯ ಕಾರುಗಳ ಹೀಟರ್ ಬಾಕ್ಸ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಇಂಗ್ಲೆಂಡಿನಲ್ಲಿ ನೆಲೆಸಿ ಎಂಜಿಬಿ ಇಟ್ಟುಕೊಂಡವರು. ಅದರಲ್ಲಿ ಅಚ್ಚರಿಯೇನಿಲ್ಲ. 1962ರಿಂದ 1980ರವರೆಗೆ ಅಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಇಂದಿಗೂ ಅದರ ಬಿಡಿಭಾಗ ಸಲೀಸಾಗಿ ಸಿಗುತ್ತದೆ. ಸಿಗುವುದೇ ಒಂದು ತೊಂದರೆಯೂ ಹೌದು. ರೋಗ ಯಾವುದೆಂದು ನೋಡುವ ಮೊದಲೇ ಜನ ಭಾಗ ಬದಲಿಸಿಬಿಡುತ್ತಾರೆ.

ಪ್ರಶ್ನೆ: ನನ್ನದು 1972ರ ಎಂಜಿಬಿ. ಎಂಜಿನ್ ಚೆನ್ನಾಗಿಯೇ ಕಾಯುತ್ತದೆ, ಮೀಟರಿನ ಮುಳ್ಳು ನಡುವೆ ನಿಲ್ಲುತ್ತದೆ. ಆದರೆ ಹೀಟರ್ ಹಾಕಿದರೆ ಕಾಲಿಗೆ ಉಗುರುಬೆಚ್ಚಗಿನ ಗಾಳಿ, ಮುಂದಿನ ಗಾಜಿಗೆ ಅದೂ ಇಲ್ಲ. ಹೀಟರ್ ಕೋರ್ ಹೋಗಿದೆ, ಹೊಸದು ಹಾಕಿಸಿ ಎಂದು ಗ್ಯಾರೇಜಿನವರು ಹೇಳುತ್ತಾರೆ. ಹಾಕಿಸಲೇ ಸರ್?
— ಕೊವೆಂಟ್ರಿಯ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಮೊದಲು ಬಾನೆಟ್ ಎತ್ತಿ ಎರಡು ಪೈಪು ಮುಟ್ಟಿ ನೋಡಿ. ಎಂಜಿನ್ ಪೂರ್ತಿ ಕಾದ ಮೇಲೆ ಹೀಟರ್ ಗುಬುಟನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ, ಎಂಜಿನ್ ನಿಲ್ಲಿಸಿ, ಬಾಕ್ಸಿಗೆ ಹೋಗುವ ಮತ್ತು ಬಾಕ್ಸಿನಿಂದ ಬರುವ ರಬ್ಬರ್ ಹೋಸುಗಳನ್ನು ಬಟ್ಟೆ ಸುತ್ತಿದ ಕೈಯಿಂದ ಹಿಡಿದು ನೋಡಿ.

ಎರಡೂ ತಣ್ಣಗಿದ್ದರೆ ಬಿಸಿನೀರು ಅಲ್ಲಿಗೆ ತಲುಪುತ್ತಲೇ ಇಲ್ಲ. ನೀರು ಬಿಡುವ ವಾಲ್ವ್ ಸಿಲಿಂಡರ್ ಹೆಡ್ಡಿನ ಹಿಂತುದಿಯಲ್ಲಿದೆ. ಅದರ ಕೇಬಲ್ ಜಾರಿರಬಹುದು, ಇಲ್ಲವೇ ವಾಲ್ವ್ ಕೂತಿರುವ ತೂತಿನಲ್ಲೇ ತುಕ್ಕಿನ ಕೆಸರು ಕಟ್ಟಿರಬಹುದು. ವಾಲ್ವ್ ಬಿಚ್ಚಿ ಆ ತೂತಿಗೆ ತಂತಿ ಆಡಿಸಿ. ಕಂದು ಬಣ್ಣದ ಕೆಸರು ಬಂದರೆ ಕಳ್ಳ ಸಿಕ್ಕಿದ ಎಂದೇ ಲೆಕ್ಕ. ಹೊಸ ಗ್ಯಾಸ್ಕೆಟ್ ಹಾಕಿಯೇ ವಾಲ್ವನ್ನು ಮತ್ತೆ ಕೂರಿಸಿ.

ಒಳಹೋಗುವ ಹೋಸು ಸುಡುತ್ತಿದ್ದು ಹೊರಬರುವುದು ತಣ್ಣಗಿದ್ದರೆ ಕೋರ್ ಕಟ್ಟಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಕಾರಿನ ಮೂತಿಯನ್ನು ಏರಿನ ಕಡೆ ನಿಲ್ಲಿಸಿ, ಹೀಟರ್ ತೆರೆದಿಟ್ಟು, ತಣ್ಣಗಿರುವಾಗ ನಿಧಾನವಾಗಿ ಕೂಲೆಂಟ್ ತುಂಬಿದರೆ ಗಾಳಿ ಹೊರಬೀಳುತ್ತದೆ. ಅದಕ್ಕೂ ಬಗ್ಗದಿದ್ದರೆ ಎರಡೂ ಹೋಸು ಕಳಚಿ, ತೋಟದ ಪೈಪಿನ ನೀರನ್ನು ಕೋರಿಗೆ ಮೊದಲು ಹಿಮ್ಮುಖವಾಗಿ, ಆಮೇಲೆ ಮುಮ್ಮುಖವಾಗಿ ಹಾಯಿಸಿ. ನಲ್ಲಿಯನ್ನು ಪೂರ್ತಿ ತಿರುಗಿಸಬೇಡಿ, ಐವತ್ತು ವರ್ಷದ ಬೆಸುಗೆ ಅದು.

ಎರಡೂ ಹೋಸು ಸುಡುತ್ತಿದ್ದರೆ? ನಿಮ್ಮ ಪತ್ರ ಓದಿದರೆ ನನಗೆ ಇದೇ ಅನುಮಾನ. ಆಗ ಕೋರಿನದು ಏನೂ ತಪ್ಪಿಲ್ಲ, ಬಿಸಿ ಅಲ್ಲಿಯತನಕ ಬಂದಿದೆ, ಅಲ್ಲಿಂದಾಚೆ ದಾರಿ ತಪ್ಪಿದೆ. ಫ್ಯಾನ್ ನೂಕುವ ಗಾಳಿಯೆಲ್ಲ ಕೋರಿನ ರೆಕ್ಕೆಗಳ ನಡುವೆ ನುಸುಳಿ ಹೋಗಬೇಕು. ಕೋರಿನ ಸುತ್ತ ಇದ್ದ ಫೋಮು ಪುಡಿಯಾಗಿದ್ದರೆ ಗಾಳಿ ಸುಲಭದ ದಾರಿ ಹಿಡಿಯುತ್ತದೆ: ಬದಿಯ ಸಂದಿನಲ್ಲಿ ತಣ್ಣಗೇ ದಾಟಿ, ಬಿಸಿಯಾದ ಅಷ್ಟಿಷ್ಟು ಗಾಳಿಯ ಜೊತೆ ಬೆರೆತು ಉಗುರುಬೆಚ್ಚಗಾಗಿ ಬರುತ್ತದೆ. ಗಾಜಿಗೆ ಹೋಗುವ ಕೊಳವೆಯ ಬುಡದಲ್ಲಿ ಫೋಮು ಹೋಗಿದ್ದರೆ ಆ ಪಾಲು ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲೇ ಕರಗಿಹೋಗುತ್ತದೆ. ಹೊಸ ಕೋರ್ ತಂದು ಅದೇ ಪುಡಿ ಫೋಮಿನ ನಡುವೆ ಕೂರಿಸಿದರೆ ದುಡ್ಡೂ ಹೋಯಿತು, ಚಳಿಯೂ ಉಳಿಯಿತು.

ಪ್ರಶ್ನೆ: ಬಾಕ್ಸ್ ಬಿಚ್ಚಿ ಫೋಮು ಬದಲಿಸೋಣ ಎಂದು ಕೂತೆ. ಕಣ್ಣಿಗೆ ಕಂಡ ಸ್ಕ್ರೂಗಳನ್ನೆಲ್ಲ ತೆಗೆದಿದ್ದೇನೆ. ಜಪ್ಪಯ್ಯ ಎಂದರೂ ಬಾಕ್ಸ್ ಮೇಲೇಳುತ್ತಿಲ್ಲ. ಎಲ್ಲಿ ಹಿಡಿದುಕೊಂಡಿದೆ?
— ರೆಡಿಂಗ್‌ನ ಓದುಗರು, ಎಂಜಿಬಿ ಜಿಟಿ

ಉತ್ತರ: ಎಲ್ಲರಿಗೂ ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಮೀಟುಗೋಲು ಕೆಳಗಿಡಿ. ಬಾಕ್ಸ್ ಮೂರು ಕಡೆ ಹಿಡಿದುಕೊಂಡಿರುತ್ತದೆ, ಮೂರರಲ್ಲಿ ಎರಡು ಎಂಜಿನ್ ಕಡೆಯಿಂದ ಕಾಣುವುದೇ ಇಲ್ಲ.

ಮೊದಲನೆಯದು ಗಾಜಿಗೆ ಗಾಳಿ ಒಯ್ಯುವ ಪ್ಲಾಸ್ಟಿಕ್ ಕೊಳವೆಗಳು. ಅವು ಕಾರಿನ ಒಳಗಿನಿಂದ ಮೇಲೆ ಹೋಗಿ ಬಾಕ್ಸಿನ ತಳಕ್ಕೆ ಸಿಕ್ಕಿಸಿಕೊಂಡಿವೆ. ನಡುವಿನ ಕನ್ಸೋಲ್ ತೆಗೆದು, ಅಂಗಾತ ಮಲಗಿ, ಅವನ್ನು ಕೆಳಗೆ ಎಳೆಯದೆ ಬಾಕ್ಸ್ ಅಲ್ಲಾಡುವುದಿಲ್ಲ. ಎರಡನೆಯದು ಗಾಳಿಯ ದಿಕ್ಕು ಬದಲಿಸುವ ಕದದ ಕೇಬಲ್, ಅದನ್ನೂ ಒಳಗಿನಿಂದಲೇ ಬಿಡಿಸಬೇಕು. ಮೂರನೆಯದು ತಳದ ಫೋಮು. ಅರ್ಧ ಶತಮಾನ ಎಂಜಿನ್ನಿನ ಕಾವಿಗೆ ಬೆಂದು ಅದು ಬೆಲ್ಲದ ಪಾಕದಂತೆ ಅಂಟಾಗಿರುತ್ತದೆ. ತೆಳ್ಳಗಿನ ಪುಟ್ಟಿ ಪಟ್ಟಿಯನ್ನು ಬಾಕ್ಸಿನ ಅಂಚಿನಡಿ ತೂರಿಸಿ ಸುತ್ತಲೂ ಆಡಿಸಿ, ಆಮೇಲೆ ಎಡಕ್ಕೂ ಬಲಕ್ಕೂ ಓಲಾಡಿಸುತ್ತ ಎತ್ತಿ.

ಇದಕ್ಕೂ ಮೊದಲು ಬ್ಯಾಟರಿಯ ತಂತಿ ತೆಗೆದಿರಬೇಕು, ಕೂಲೆಂಟ್ ಇಳಿಸಿರಬೇಕು. ಇಳಿಸಿದ್ದನ್ನು ಮುಚ್ಚಳವಿರುವ ಡಬ್ಬಿಗೆ ತುಂಬಿ ಎತ್ತರದಲ್ಲಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಹೊಟ್ಟೆಗೆ ಹೋದರೆ ವಿಷ. ನಾಯಿ ಬೆಕ್ಕುಗಳು ಅದನ್ನು ನೆಕ್ಕಿಯೇ ಸಾಯುತ್ತವೆ.

ಹೋಸು ಕಳಚುವಾಗ ತಿರುಚಬೇಡಿ. ಅದು ಕೂತಿರುವ ತಾಮ್ರದ ಕೊಳವೆ ಕಾಗದದಷ್ಟು ತೆಳು, ತಿರುಚಿದರೆ ಬೆಸುಗೆಯ ಹತ್ತಿರ ಸೀಳುತ್ತದೆ. ಹೇಗಿದ್ದರೂ ಹೋಸು ಹೊಸದು ಹಾಕುತ್ತೀರಿ. ಬ್ಲೇಡಿನಿಂದ ಉದ್ದಕ್ಕೆ ಕೊಯ್ದು ಸಿಪ್ಪೆ ಸುಲಿದ ಹಾಗೆ ತೆಗೆಯಿರಿ.

ಬಾಕ್ಸ್ ಬೆಂಚಿನ ಮೇಲೆ ಬಂತೆನ್ನಿ. ಸ್ಪ್ರಿಂಗ್ ಕ್ಲಿಪ್ಪುಗಳನ್ನು ಬಿಡಿಸುವ ಮೊದಲು ನಾಲ್ಕೂ ಬದಿಯ ಫೋಟೊ ತೆಗೆದುಕೊಳ್ಳಿ. ಹಳೆಯ ಫೋಮನ್ನು ಒಣಗಿದ್ದಾಗ ಕೆರೆಯಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಆ ಕಾಲದ ಕಾರಿನಲ್ಲಿ ಗುರುತು ಸಿಗದ ನಾರಿನ ಹಾಳೆಯೋ ಗ್ಯಾಸ್ಕೆಟ್ಟೋ ಕಂಡರೆ ಉಜ್ಜಬೇಡಿ, ಕಲ್ನಾರು ಇರಬಹುದು. ಬ್ರಿಟನ್ನಿನಲ್ಲಿ ಕಲ್ನಾರು ಪೂರ್ತಿ ನಿಷೇಧವಾದದ್ದೇ 1999ರಲ್ಲಿ.

ತಗಡಿನ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆದು, ಪ್ರೈಮರ್ ಹೊಡೆದು, ಕಪ್ಪು ಬಣ್ಣ ಕೊಡಿ. ಬಣ್ಣ ಒಣಗಲು ಪೂರ್ತಿ ಸಮಯ ಬಿಡಿ, ಹಸಿ ಬಣ್ಣದ ಮೇಲೆ ಗೋಂದು ನಿಲ್ಲುವುದಿಲ್ಲ. ಕೋರಿನ ಒಂದು ತುದಿಗೆ ಬಿರಡೆ ಹಾಕಿ, ಇನ್ನೊಂದು ತುದಿಯಿಂದ ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ. ಒತ್ತಡ ನಿಮ್ಮ ರೇಡಿಯೇಟರ್ ಮುಚ್ಚಳದ ಮೇಲೆ ಅಚ್ಚಾಗಿರುವಷ್ಟಿದ್ದರೆ ಸಾಕು. ಗುಳ್ಳೆ ಬರದಿದ್ದರೆ ಕೋರ್ ಗಟ್ಟಿ, ಅದನ್ನೇ ಹಾಕಿ.

ಅದೇ ಹೊತ್ತಿಗೆ ಎರಡೂ ಹೋಸು, ಕೇಬಲ್ಲು, ಹೋಸು ಕ್ಲಿಪ್ಪು ಹೊಸದಾಗಲಿ. ಅವುಗಳ ಬೆಲೆಗಿಂತ ಈ ಬಾಕ್ಸನ್ನು ಇನ್ನೊಮ್ಮೆ ಎತ್ತುವ ಕಷ್ಟ ದೊಡ್ಡದು. ವಾಪಸ್ ಇಳಿಸುವಾಗ ತಳದ ಹೊಸ ಫೋಮಿಗೆ ಮುಖಕ್ಕೆ ಹಚ್ಚುವ ಪೌಡರನ್ನೇ ಒಂದಿಷ್ಟು ಸವರಿ. ಫೋಮು ಮಡಚಿಕೊಳ್ಳದೆ ಜಾರಿ ಕೂರುತ್ತದೆ.

ಪ್ರಶ್ನೆ: ನನ್ನ ‘ಬಿಎಂಡಬ್ಲ್ಯು 2002’ ಕಾರಿನಲ್ಲಿ ಫ್ಯಾನ್ ಹಾಕಿದಾಗಲೆಲ್ಲ ಕರಿಎಳ್ಳಿನಂಥ ಪುಡಿ ಮುಖಕ್ಕೆ ಹಾರುತ್ತದೆ. ಅದು ಫೋಮೇ ಎಂದು ಗೊತ್ತಾಯಿತು. ಹೊಸದಕ್ಕೆ ಯಾವ ಫೋಮು, ಎಷ್ಟು ದಪ್ಪ, ಯಾವ ಗೋಂದು? ಅಂಗಡಿಗೆ ಹೋದರೆ ಹತ್ತು ಬಗೆ ತೋರಿಸುತ್ತಾರೆ.
— ನ್ಯೂಜೆರ್ಸಿಯ ಓದುಗರು

ಉತ್ತರ: ಹತ್ತರಲ್ಲಿ ಎಂಟನ್ನು ಹಿಂಡಿ ನೋಡಿಯೇ ಪಕ್ಕಕ್ಕಿಡಬಹುದು. ಆಗಿನ ಫೋಮು ಪಾಲಿಯುರೇಥೇನ್, ತೆರೆದ ರಂಧ್ರದ್ದು, ಪಾತ್ರೆ ತೊಳೆಯುವ ಸ್ಪಂಜಿನ ಜಾತಿ. ತೇವ ಮತ್ತು ಶಾಖ ಸೇರಿದರೆ ಅದರ ಕಟ್ಟೇ ಬಿಚ್ಚಿಕೊಳ್ಳುತ್ತದೆ. ಮೊದಲು ಅಂಟಂಟು, ಆಮೇಲೆ ಪುಡಿ. ಹೀಟರ್ ಬಾಕ್ಸಿನಲ್ಲಿ ತೇವ, ಶಾಖ ಎರಡೂ ಧಾರಾಳ. ನಿಮಗೆ ಬೇಕಾದದ್ದು ಮುಚ್ಚಿದ ರಂಧ್ರದ ರಬ್ಬರ್ ಫೋಮು. ಇಪಿಡಿಎಂ ಅಥವಾ ನಿಯೋಪ್ರೀನ್ ಎಂದು ಕೇಳಿ. ಗುರುತು ಸುಲಭ: ತುಂಡೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ. ನೀರು ಕುಡಿದಿದ್ದರೆ ಬೇಡ.

ದಪ್ಪಕ್ಕೆ ಒಂದೇ ಅಳತೆ ಇಲ್ಲ, ಸಂದು ಎಷ್ಟಿದೆಯೋ ಅದರ ಮೇಲೆ. ಒಂದಿಷ್ಟು ಮಕ್ಕಳ ಆಟದ ಜೇಡಿಯನ್ನು ಸಂದಿನಲ್ಲಿಟ್ಟು ಮುಚ್ಚಿ, ತೆಗೆದು, ಒತ್ತಿಕೊಂಡು ಉಳಿದ ದಪ್ಪ ಅಳೆಯಿರಿ. ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ದಪ್ಪದ ಫೋಮು ತನ್ನಿ. ಸಂದು 6 ಮಿ.ಮೀ. ಆದರೆ ಫೋಮು 8. ಅದಕ್ಕಿಂತ ದಪ್ಪ ತಂದರೆ ಸೀಲು ಗಟ್ಟಿಯಾಗುವುದಿಲ್ಲ, ಪ್ಲಾಸ್ಟಿಕ್ ಬಾಕ್ಸಿನ ಎರಡು ಹೋಳುಗಳೇ ಬಾಯಿಬಿಟ್ಟು ನಿಲ್ಲುತ್ತವೆ. ನಿಮ್ಮ ಕಾರಿನ ಬಾಕ್ಸ್ ಕ್ಲಿಪ್ಪಿನ ಮೇಲೆ ನಿಂತ ಎರಡು ಪ್ಲಾಸ್ಟಿಕ್ ಹೋಳು, ಮೋಟಾರ್ ಅದರ ಹೊಟ್ಟೆಯಲ್ಲಿ. ಆ ವಯಸ್ಸಿನ ಪ್ಲಾಸ್ಟಿಕ್ ಚಳಿಯಲ್ಲಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ರಾತ್ರಿ ಮನೆಯೊಳಗೆ ಇಟ್ಟು, ಬೆಚ್ಚಗಾದ ಮೇಲೆ ಬಿಚ್ಚಿ.

ಕದಗಳ ವಿಚಾರ ಬೇರೆ. ಅಲ್ಲಿ 3 ಮಿ.ಮೀ. ಸಾಮಾನ್ಯವಾಗಿ ಸಾಕು. ದಪ್ಪವಾದರೆ ಕದ ಪೂರ್ತಿ ಮುಚ್ಚದು, ನೀವು ಗುಬುಟನ್ನು ಒತ್ತಿ ತಿರುಗಿಸುತ್ತೀರಿ, ಕೇಬಲ್ ಬಾಗುತ್ತದೆ. ಪರೀಕ್ಷೆ ಹೀಗೆ: ಕ್ಯಾಷ್ ಬಿಲ್ಲಿನಂಥ ತೆಳು ಕಾಗದದ ಪಟ್ಟಿಯನ್ನು ಕದದ ಅಂಚಿನಲ್ಲಿಟ್ಟು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಸಿಗಬೇಕು. ಒಂದು ಮೂಲೆಯಲ್ಲಿ ಪಟ್ಟಿ ಸಲೀಸಾಗಿ ಜಾರಿಬಂದರೆ ಕದದ ತಗಡು ಬಾಗಿದೆ, ಫೋಮು ಸೇರಿಸುವ ಬದಲು ತಗಡನ್ನು ನೇರ ಮಾಡಿ. ಕದದಲ್ಲೇ ತೂತುಗಳಿದ್ದರೆ ಮೊದಲು ಅಲ್ಯೂಮಿನಿಯಂ ಟೇಪು, ಅದರ ಮೇಲೆ ಫೋಮು.

ಗೋಂದು ಹೆಚ್ಚು ಶಾಖ ತಡೆಯುವ ಕಾಂಟ್ಯಾಕ್ಟ್ ಸಿಮೆಂಟ್ ಇರಲಿ. ಎರಡೂ ಕಡೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿಸಿ, ಆಮೇಲೆ ಕೂಡಿಸಿ. ಹಚ್ಚುವ ಮೊದಲು ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಮೂಲೆಗಳಲ್ಲಿ ಪಟ್ಟಿಯನ್ನು ಬಾಗಿಸಬೇಡಿ, ಓರೆಯಾಗಿ ಕತ್ತರಿಸಿ ತುದಿಗೆ ತುದಿ ಕೂಡಿಸಿ. ಬಾಗಿಸಿದ ಪಟ್ಟಿ ಮೊದಲು ಎದ್ದುಬರುವುದು ಮೂಲೆಯಲ್ಲಿಯೇ.

ಕೆಲವರು ಫೋಮಿನ ಗೋಜೇ ಬೇಡವೆಂದು ಎಲ್ಲ ಸಂದಿಗೂ ಸಿಲಿಕೋನ್ ಮೆತ್ತುತ್ತಾರೆ. ಮುಂದೆ ಅದನ್ನು ಬಿಚ್ಚುವವರ ಶಾಪ ತಟ್ಟುತ್ತದೆ. ಮೆತ್ತಲೇಬೇಕಾದ ಜಾಗವಿದ್ದರೆ ವಿನಿಗರಿನ ಹುಳಿ ವಾಸನೆ ಬರುವ ಸಿಲಿಕೋನ್ ಬಿಟ್ಟು ನ್ಯೂಟ್ರಲ್ ಬಗೆಯದನ್ನು ತನ್ನಿ. ಹುಳಿ ಬಿಡುವುದು ಉಕ್ಕನ್ನೂ ತಾಮ್ರವನ್ನೂ ತಿನ್ನುತ್ತದೆ.

ಅಮೆರಿಕದಲ್ಲಿ ಗಾಜಿನ ಮಂಜು ತೆಗೆಯುವ ವ್ಯವಸ್ಥೆ 1968ರಿಂದ ಕಾರು ತಯಾರಕರಿಗೆ ಕಡ್ಡಾಯ, ಅಲ್ಲಿನ ಸುರಕ್ಷತಾ ನಿಯಮಗಳಲ್ಲಿ ಅದರ ಸಂಖ್ಯೆ 103. ನಿಮ್ಮ ಊರಿನ ಜನವರಿಯಲ್ಲಿ ಆ ನಿಯಮ ಏಕೆ ಬಂತೆಂದು ಯಾರೂ ವಿವರಿಸಬೇಕಿಲ್ಲ. ಆದ್ದರಿಂದ ಕಾಲಿನ ಕಡೆಯ ಕದಕ್ಕಿಂತ ಗಾಜಿನ ಕಡೆಯ ಕದಕ್ಕೂ ಅದರ ಕೊಳವೆಗೂ ಹೆಚ್ಚು ನಿಗಾ ಕೊಡಿ.

ಪ್ರಶ್ನೆ: ಮಳೆ ಬಂದ ಮಾರನೆಯ ದಿನ ಪ್ಯಾಸೆಂಜರ್ ಕಡೆಯ ಕಾರ್ಪೆಟ್ ಒದ್ದೆ. ಕೂಲೆಂಟೇ ಸೋರುತ್ತಿದೆ ಎಂದು ಒಬ್ಬರು, ಗಾಜಿನ ರಬ್ಬರ್ ಹೋಗಿದೆ ಎಂದು ಇನ್ನೊಬ್ಬರು. ಯಾರನ್ನು ನಂಬಲಿ?
— ಲೀಡ್ಸ್‌ನ ಓದುಗರು, ಎಂಜಿಬಿ

ಉತ್ತರ: ನಿಮ್ಮ ಬೆರಳನ್ನು ನಂಬಿ. ಕಾರ್ಪೆಟ್ಟಿನ ಹಸಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಮೂಸಿ. ಜಾರುಜಾರಾಗಿದ್ದು ಸಿಹಿ ವಾಸನೆ ಬಂದರೆ ಕೂಲೆಂಟ್. ಆಗ ಹೀಟರ್ ಹಾಕಿದಾಗ ಗಾಜಿನ ಒಳಮೈಗೆ ಎಣ್ಣೆ ಸವರಿದಂಥ ಪೊರೆಯೂ ಬರುತ್ತದೆ, ಒರೆಸಿದರೆ ಬಳಿದುಕೊಳ್ಳುತ್ತದೆ. ಹಾಗಿದ್ದರೆ ಕೋರನ್ನು ಹೊರತೆಗೆಯಲೇಬೇಕು. ಬರೀ ನೀರಾದರೆ ವೈಪರಿನ ಮುಂದಿನ ಜಾಲರಿ ನೋಡಿ. ಆ ಜಾಲರಿಯ ಮೂಲಕ ಗಾಳಿಯ ಜೊತೆ ಮಳೆಯೂ ಒಳಬರುತ್ತದೆ. ಅದು ಹಾಗೇ ಮಾಡಿದ್ದು, ಕೆಳಗೆ ನೀರು ಹೋಗಲು ಒಂದು ರಬ್ಬರ್ ಕೊಳವೆ ಇದೆ, ಗೇರ್‌ಬಾಕ್ಸಿನ ಸುರಂಗದ ಕಡೆಗೆ ಇಳಿಯುತ್ತದೆ. ಮರದಡಿ ನಿಲ್ಲಿಸುವ ಕಾರಿನಲ್ಲಿ ಎಲೆ, ಮಣ್ಣು ಸೇರಿ ಅದು ಕಟ್ಟಿಕೊಳ್ಳುತ್ತದೆ. ನೀರು ತುಂಬಿ, ಹೀಟರ್ ಬಾಕ್ಸಿನ ಅಂಚು ದಾಟಿ, ಕಾಲಿನ ಬಳಿ ಸುರಿಯುತ್ತದೆ.

ಜಾಲರಿಗೆ ಒಂದು ಚೊಂಬು ನೀರು ಹಾಕಿ ಕಾರಿನಡಿ ಬಗ್ಗಿ ನೋಡಿ. ಸರಾಗ ಇಳಿದರೆ ಕೊಳವೆ ಸ್ವಚ್ಛ. ಇಳಿಯದಿದ್ದರೆ ಕೆಳಗಿನಿಂದ ಮೆತ್ತನೆಯ ಪ್ಲಾಸ್ಟಿಕ್ ವಯರ್ ತೂರಿಸಿ ಬಿಡಿಸಿ. ಕೊಳವೆ ಸರಿ ಇದ್ದರೂ ನೀರು ಬಂದರೆ ಆಗ ಬಾಕ್ಸಿನ ತಳದ ಸೀಲನ್ನು, ಕೊನೆಗೆ ಗಾಜಿನ ರಬ್ಬರನ್ನು ಅನುಮಾನಿಸಿ.

ಪ್ರಶ್ನೆ: ತಂದೆಯವರು ಉಳಿಸಿಹೋದ ಎಂಜಿಬಿ ಬೆಂಗಳೂರಿನಲ್ಲಿದೆ. ಇಲ್ಲಿ ಹೀಟರ್ ಯಾರಿಗೆ ಬೇಕು? ಹೀಟರ್ ಹಾಕದೆಯೇ ಕಾಲಿಗೆ ಬಿಸಿ ಹೊಡೆಯುತ್ತದೆ. ಬಾಕ್ಸ್ ಕಿತ್ತು ತಗಡು ಮುಚ್ಚಿಬಿಡಲೇ?
— ಬಸವನಗುಡಿಯ ಓದುಗರು

ಉತ್ತರ: ಬಾಕ್ಸ್ ಕೀಳಬೇಡಿ. ಕಾಲಿಗೆ ಬಿಸಿ ಹೊಡೆಯುತ್ತಿರುವುದೇ ನಿಮ್ಮ ಬಾಕ್ಸಿನ ಸೀಲು ಹೋಗಿದೆ ಎಂಬುದಕ್ಕೆ ಸಾಕ್ಷಿ. ಚಳಿ ದೇಶದವರು ಬಿಸಿ ಹೊರಗೆ ಹೋಗದಿರಲೆಂದು ಹಾಕುವ ಫೋಮೇ ನಿಮಗೆ ಎಂಜಿನ್ನಿನ ಕಾವು, ಪೆಟ್ರೋಲ್ ವಾಸನೆ ಒಳಗೆ ಬರದಂತೆ ಕಾಯುತ್ತದೆ. ಜೊತೆಗೆ ನಿಮ್ಮ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂದು ಕಾಣುತ್ತದೆ. ಹೊಸ ವಾಲ್ವ್ ಬರುವತನಕ ಕೋರನ್ನು ಬಿಟ್ಟು, ಒಂದೇ ಹೋಸಿನಿಂದ ನೀರನ್ನು ವಾಪಸ್ ಕೊಳವೆಗೆ ತಿರುಗಿಸಿ ಓಡಿಸಬಹುದು. ಅದು ತಾತ್ಕಾಲಿಕ. ಜುಲೈನ ಜಡಿಮಳೆಯಲ್ಲಿ ಮಡಿಕೇರಿ ಘಾಟಿ ಹತ್ತಿದರೆ ಗಾಜಿನ ಮಂಜು ತೆಗೆಯಲು ಇದೇ ಹೀಟರ್ ಬೇಕಾಗುತ್ತದೆ.

ಥರ್ಮೋಸ್ಟಾಟ್ ಮೇಲಿನ ಅಂಕಿಯನ್ನೂ ನೋಡಿ. ಈ ಕಾರಿಗೆ ಸಾಮಾನ್ಯ ಹವೆಗೆ 82 ಡಿಗ್ರಿ ಸೆಲ್ಸಿಯಸ್‌ನದು, ಬಿಸಿ ದೇಶಗಳಿಗೆ 74 ಡಿಗ್ರಿಯದು. ಕೋರ್ ಸೋರುತ್ತಿದ್ದರೆ ಚಿಂತೆ ಬೇಡ, ತಾಮ್ರ-ಹಿತ್ತಾಳೆಯ ಕೋರಿಗೆ ಬೆಸುಗೆ ಹಾಕುವ ಹಳೆಯ ರೇಡಿಯೇಟರ್ ಅಂಗಡಿಯವರು ನಿಮ್ಮೂರಿನಲ್ಲಿದ್ದಾರೆ. ಫೋಮಿಗೆ, ಹೋಸಿಗೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಮರಕ್ಕೆ ಹಾಕುವ ಬಿಳಿ ಗೋಂದನ್ನು ಮಾತ್ರ ಹಚ್ಚಿಸಿಕೊಂಡು ಬರಬೇಡಿ.

ಪ್ರಶ್ನೆ: ನನ್ನದು 1970ರ ಬೀಟಲ್. ಇದರ ಹೀಟರ್ ಬಾಕ್ಸನ್ನೂ ಹೀಗೆಯೇ ಫೋಮು ಹಾಕಿ ಸರಿಮಾಡಬಹುದೇ?
— ಸ್ಟುಟ್‌ಗಾರ್ಟ್‌ನ ಓದುಗರು

ಉತ್ತರ: ಆಗದು. ಬೀಟಲ್ ಎಂಜಿನ್ ತಣ್ಣಗಾಗುವುದು ಗಾಳಿಯಿಂದ, ಬಿಸಿನೀರೇ ಇಲ್ಲ. ಹೊಗೆಕೊಳವೆಯ ಸುತ್ತ ಇರುವ ಕವಚದಲ್ಲಿ ಗಾಳಿ ಕಾದು ಒಳಬರುತ್ತದೆ. ಆ ಕೊಳವೆಗೆ ತುಕ್ಕು ಹಿಡಿದು ತೂತಾದರೆ ಕಾರ್ಬನ್ ಮೊನಾಕ್ಸೈಡ್ ನೇರ ನಿಮ್ಮ ಮೂಗಿಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೂತು ಕಂಡರೆ ಪೇಸ್ಟು, ಟೇಪು ಬೇಡ, ಕವಚ ಸಹಿತ ಹೊಸದು ಹಾಕಿಸಿ. ಅಲ್ಲಿಯತನಕ ಹೀಟರ್ ಮುಚ್ಚಿಡಿ. ಬ್ಯಾಟರಿಯ ಮೇಲೆ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಕಾರಿನಲ್ಲಿರಲಿ.

ಪ್ರಶ್ನೆ: ಇಷ್ಟೆಲ್ಲ ಬಿಚ್ಚುವ ಬದಲು ಸಿಗರೇಟ್ ಲೈಟರಿಗೆ ಸಿಕ್ಕಿಸುವ 12 ವೋಲ್ಟ್ ಎಲೆಕ್ಟ್ರಿಕ್ ಹೀಟರ್ ಇಟ್ಟುಕೊಂಡರೆ ಸಾಲದೇ? ನನ್ನದು 1965ರ ಎಂಜಿಬಿ.
— ಲೀಸೆಸ್ಟರ್‌ನ ಓದುಗರು

ಉತ್ತರ: ಲೆಕ್ಕ ಹಾಕಿ ನೋಡೋಣ. ಅಂಥ ಹೀಟರ್ 150 ವ್ಯಾಟಿನದು ಎನ್ನಿ, 12 ವೋಲ್ಟಿನಲ್ಲಿ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ. ನಿಮ್ಮ ಕಾಲದ ಎಂಜಿಬಿಯ ಡೈನಮೊ ಕೊಡುವುದೇ ಹೆಚ್ಚೆಂದರೆ 22 ಆಂಪಿಯರ್. ರಾತ್ರಿ ಲೈಟು, ವೈಪರ್ ಹಾಕಿದರೆ ಬ್ಯಾಟರಿ ಕುಡಿದು ಖಾಲಿ. ಅತ್ತ ಎಂಜಿನ್ನಿನ ಬಿಸಿನೀರು ಕೆಲವು ಕಿಲೋವ್ಯಾಟ್ ಶಾಖವನ್ನು ಪುಕ್ಕಟೆ ಕೊಡಲು ಕಾದು ನಿಂತಿದೆ. ಇನ್ನೊಂದು ಮಾತು: 1967ರವರೆಗಿನ ಎಂಜಿಬಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕಟ್ಟಿರುತ್ತದೆ. ಈಗಿನ ಕಾಲದ ಸಾಮಾನನ್ನು ನೋಡದೆ ಸಿಕ್ಕಿಸಿದರೆ ಸುಟ್ಟುಹೋದೀತು. ಹೀಟರಿಗೆ ಬದಲಿ ಮೋಟಾರ್ ಹಾಕಿದರೂ ಅದು ತಿರುಗುವ ದಿಕ್ಕನ್ನು ಬೆಂಚಿನ ಮೇಲೆಯೇ ನೋಡಿಕೊಳ್ಳಿ. ಉಲ್ಟಾ ತಿರುಗಿದರೆ ಗಾಳಿಯಲ್ಲಿ ಜೀವವೇ ಇರುವುದಿಲ್ಲ.

ಎಲ್ಲರಿಗೂ ಒಂದು ಮಾತು. ಬಾಕ್ಸನ್ನು ಕಾರಿಗೆ ಹಾಕುವ ಮೊದಲು ಬೆಂಚಿನ ಮೇಲೆ, ಪೆಟ್ರೋಲಿನಿಂದ ದೂರ, ಮೋಟಾರಿಗೆ ಬ್ಯಾಟರಿ ಕೊಟ್ಟು ಓಡಿಸಿ. ಒಂದು ಊದುಬತ್ತಿ ಹಚ್ಚಿ, ಮುಚ್ಚಳದ ಕೂಡುಸಾಲು, ಕೋರಿನ ಕೊಳವೆ ಹೊರಬರುವ ತೂತು, ಕದದ ಅಂಚು, ಹೀಗೆ ಎಲ್ಲ ಕಡೆ ನಿಧಾನವಾಗಿ ಹಿಡಿಯುತ್ತ ಹೋಗಿ. ಹೊಗೆ ನೆಟ್ಟಗೆ ಏರಿದರೆ ಸೀಲು ಸರಿ. ಸರ್ರನೆ ಪಕ್ಕಕ್ಕೆ ಹಾರಿದರೆ ಅಥವಾ ಒಳಕ್ಕೆ ಎಳೆದುಕೊಂಡರೆ ಅಲ್ಲಿ ಇನ್ನೊಂದು ತುಂಡು ಫೋಮು ಬೇಕು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ 2018ರಿಂದ ವಾರ್ಷಿಕ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಹಾಗಾಗಿ ನಿಮ್ಮ ಕೆಲಸವನ್ನು ನೀವೇ ಪರೀಕ್ಷಿಸಿಕೊಳ್ಳಬೇಕು. ಇಷ್ಟಾದ ಮೇಲೂ ಗಾಳಿ ತಣ್ಣಗೇ ಬಂದರೆ ಎರಡು ಹೋಸುಗಳಲ್ಲಿ ಯಾವುದು ಬಿಸಿ, ಯಾವುದು ತಣ್ಣಗೆ ಎಂದು ನಮೂದಿಸಿ ಬರೆಯಿರಿ. ಅಷ್ಟು ತಿಳಿದರೆ ಉತ್ತರ ಅರ್ಧ ಸಿಕ್ಕ ಹಾಗೆ.